ಬಾಗಿಲು ಹಾಕಿ ಬಡಿಸಿದ ಊಟ

ಸತ್ತವರಿಗೆ ಊಟ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಕಾಯುವುದು ತುಳುನಾಡಿನ ನಮ್ಮವರ ಪದ್ಧತಿ. ಆಟಿ ತಿಂಗಳಲ್ಲಿ, ಅಂದರೆ ಮಳೆ ಬಿಡದೆ ಹೊಯ್ಯುವ ಜುಲೈ-ಆಗಸ್ಟಿನ ಹೊತ್ತಿಗೆ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ದೀಪ ಹಚ್ಚಿಟ್ಟು, ಮನೆಯವರೆಲ್ಲ ಹೊರಗೆ ಬರಬೇಕು. ಅವರು ಬಂದು ಉಂಡು ಹೋಗಲಿಕ್ಕೆ ಒಂದು ಕಾಲು ಗಂಟೆ. ಆಮೇಲೆ ಮೆಲ್ಲಗೆ ಬಾಗಿಲು ತಟ್ಟಿ ಒಳಗೆ ಹೋಗಿ, ಅದೇ ಎಲೆಯದನ್ನು ನಾವು ಹಂಚಿಕೊಂಡು ತಿನ್ನುವುದು. ಊರಿನಲ್ಲಾದರೆ ನಿಲ್ಲಲಿಕ್ಕೆ ಅಂಗಳ ಉಂಟು. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಒನ್ ರೂಮ್ ಕಿಚನ್ನಿನಲ್ಲಿ ಸತ್ತವರಿಗೆ ಒಳಗೆ ಜಾಗ ಬಿಟ್ಟುಕೊಟ್ಟರೆ ಬದುಕಿದವರಿಗೆ ಉಳಿಯುವುದು ಮೂರನೇ ಮಾಳಿಗೆಯ ಮೆಟ್ಟಿಲು.

ನನ್ನ ಗಂಡ ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು. ಠಾಣೆಯ ಒಂದು ಶಾಕಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಆ ಬೆಳಿಗ್ಗೆ ಎದ್ದವರೇ ಎದೆ ಉರಿಯುತ್ತದೆ ಎಂದರು. ನಾನು ಓಮದ ನೀರು ಕುದಿಸಿ ಕೊಟ್ಟೆ. ಕೊಡುವಾಗ, ದಿನಾ ಹೋಟೆಲಿನ ವಡೆ ತಿಂದರೆ ಇನ್ನೇನಾಗುತ್ತದೆ ಎಂದು ಗದರಿಸಿದೆ ಕೂಡ. ಅವರು ಕುಡಿದು, ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತು ಬೂಟು ಹಾಕಿಕೊಂಡು ಹೊರಟರು. ಸ್ಟೇಷನ್ನಿನ ಬ್ರಿಜ್ ಹತ್ತುವಾಗ ಬಿದ್ದರಂತೆ. ಗುರುತಿಲ್ಲದ ನಾಲ್ಕು ಜನ ಪುಣ್ಯಾತ್ಮರು ಎತ್ತಿ ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದರು. ನಾನು ಅಲ್ಲಿಗೆ ಮುಟ್ಟುವಾಗ ಎಲ್ಲ ಮುಗಿದಿತ್ತು.

ಆ ದಿನದಿಂದ ಮಗಳು ನನ್ನ ಜೊತೆ ಮಾತು ಬಿಟ್ಟಳು. ಬಿಟ್ಟಳು ಎಂದರೆ ಪೂರ್ತಿ ಅಲ್ಲ. ಗ್ಯಾಸ್ ಬಂತು, ನೀರು ಹೋಯಿತು, ಬರುವುದು ತಡ, ಇಷ್ಟು ಹೇಳುತ್ತಿದ್ದಳು. ನಾನು ಮಾಡಿದ್ದನ್ನು ಮುಟ್ಟುತ್ತಿರಲಿಲ್ಲ. ಕಾಲೇಜಿನ ಕ್ಯಾಂಟೀನಿನಲ್ಲಿ ತಿಂದು ಬರುತ್ತಿದ್ದಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು; ತಿರುಗಿ ಬೈಯುವುದು ನನಗೆ ಚೆನ್ನಾಗಿ ಬರುತ್ತದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಬಿಟ್ಟು ಓಮದ ನೀರು ಕುಡಿಸಿದ ಅಮ್ಮನೇ ಅಪ್ಪನನ್ನು ಕೊಂದಳು ಎಂದು ಅವಳು ತೀರ್ಮಾನಿಸಿದ್ದಾಳೆ ಎಂದುಕೊಂಡೆ. ಆ ತೀರ್ಮಾನಕ್ಕೆ ನನ್ನ ತಕರಾರೂ ಇರಲಿಲ್ಲ. ಈಗ ಅವಳಿಗೆ ನವಿ ಮುಂಬೈಯಲ್ಲಿ ಕೆಲಸ ಸಿಕ್ಕಿತ್ತು, ನೆರೂಳಿನಲ್ಲಿ ಪಿ.ಜಿ. ಗೊತ್ತುಮಾಡಿಕೊಂಡಿದ್ದಳು. ಡೊಂಬಿವಲಿಯಿಂದ ನೆರೂಳಿಗೆ ದಿನಾ ಹೋಗಿ ಬರುವವರು ಬೇಕಾದಷ್ಟಿದ್ದಾರೆ. ಬುಧವಾರ ಹೊರಡುವವಳು. ಹೀಗೆಯೇ ಹೋದರೆ ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅದಕ್ಕೆ ಹಿಂದಿನ ಭಾನುವಾರ ಗಂಡನ ಅಕ್ಕ ಬದಲಾಪುರದಿಂದ ಬಾಳೆಲೆ ಹಿಡಿದುಕೊಂಡು ಬಂದರು. ಅವರದ್ದು ಕೇಳುವ ಕ್ರಮ ಇಲ್ಲ, ಹೇಳುವುದು ಮಾತ್ರ. "ಹುಡುಗಿ ಹೋಗುವ ಮೊದಲು ಅವನಿಗೆ ಬಡಿಸಿ ಬಿಡುವ," ಎಂದರು. ಶಾಕಾಹಾರಿ ಹೋಟೆಲಿನಲ್ಲಿ ಇಡೀ ಆಯುಷ್ಯ ಕಳೆದ ಮನುಷ್ಯನಿಗೆ ಕೋಳಿ ಸಾರು, ನೀರುದೋಸೆ, ಒಣಮೀನಿನ ಚಟ್ನಿ ಮಾಡಿದೆವು. ಜೊತೆಗೆ ಅರ್ಧ ಲೋಟದ ಒಂದು ಕಟಿಂಗ್ ಚಹಾ. ಮಗಳು ಎಲೆ ಒರೆಸಿ ಕೊಟ್ಟಳು.

ದೀಪ ಹಚ್ಚಿ ಮೂವರೂ ಹೊರಗೆ ಬಂದೆವು. ನಾನು ಬಾಗಿಲನ್ನು ಒಂದು ಬೆರಳಿನಷ್ಟು ಬಿಟ್ಟು ಮುಂದೆ ಮಾಡಿದೆ. ಅಕ್ಕನಿಗೆ ಸರಿಕಾಣಲಿಲ್ಲ.

"ಅರ್ಧ ತೆರೆದ ಬಾಗಿಲಲ್ಲಿ ಅವ ಉಣ್ಣುವುದುಂಟಾ ಮಾರಾಯ್ತಿ? ಪೂರ್ತಿ ಹಾಕು," ಎಂದವರೇ ತಾವೇ ಕೈ ಹಾಕಿ ಗಟ್ಟಿಯಾಗಿ ಎಳೆದರು. ಲ್ಯಾಚ್ ಬಿತ್ತು, ಇನ್ನು ಕೀಲಿ ಇಲ್ಲದೆ ತೆರೆಯದು.

ಬದಲಾಪುರದ ಅವರ ಚಾಳಿನ ಸಾಲುಮನೆಗೆ ಈಗಲೂ ಚಿಲಕ, ಬೀಗ. ಈ ಶಾಸ್ತ್ರ ಮಾಡಿದವರ ಕಾಲದಲ್ಲೂ ಲ್ಯಾಚ್ ಇರಲಿಲ್ಲ. ಕೀಲಿ ಒಳಗೆ, ಮೂವರ ಮೊಬೈಲೂ ಒಳಗೆ. ಇನ್ನೊಂದು ಕೀಲಿ ಇಟ್ಟುಕೊಂಡಿದ್ದ ಎದುರುಮನೆಯವರು ಊರಿಗೆ, ಅವರ ಗಾಂವ್‌ಗೆ ಹೋಗಿದ್ದರು. ಮಗಳು ಕೆಳಗಿಳಿದು ವಾಚ್‌ಮನ್‌ಗೆ ಹೇಳಿ ಬಂದಳು. ಕೀಲಿ ಮಾಡುವ ಚಾವಿವಾಲಾ ಸ್ಟೇಷನ್ ಬದಿಯಿಂದ ಬರಬೇಕು, ಮಳೆ ಬೇರೆ, ಒಂದು ಗಂಟೆಯಾದರೂ ಆದೀತು ಎಂದಳು. ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿ ಎಷ್ಟೋ ದಿನವಾಗಿತ್ತು. ಮೆಟ್ಟಿಲ ಮೇಲೆ ಕೂತೆವು. ನಾನು ಮೇಲಿನ ಮೆಟ್ಟಿಲು, ಅಕ್ಕ ನಡುವೆ, ಅವಳು ಕೆಳಗೆ ಬೆನ್ನು ಹಾಕಿಕೊಂಡು.

ಅಕ್ಕನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಹತ್ತು ನಿಮಿಷ ಕಳೆಯಲಿಲ್ಲ, ನೇರ ಕೇಳಿಬಿಟ್ಟರು. "ನಿಂಗೆ ಅಮ್ಮನ ಮೇಲೆ ಎಂತ ಕೋಪ ಮಗಾ? ಅವಳು ಊಟ ಬಿಟ್ಟು ಅರ್ಧ ಆಗಿದ್ದಾಳೆ, ನೀನು ಕಣ್ಣೆತ್ತಿ ನೋಡುವುದಿಲ್ಲ."

ಈ ಹೆಂಗಸು ಎಲ್ಲ ಹಾಳು ಮಾಡಿದಳು ಎಂದುಕೊಂಡೆ.

ಮಗಳು ತಿರುಗಲಿಲ್ಲ. "ಮಮ್ಮಿ ಪರ್ ನಹೀ," ಎಂದಳು, ಮಮ್ಮಿಯ ಮೇಲಲ್ಲ ಎಂದು. ಮತ್ತೆ, ತಾನು ಮಾಮಿ ಎನ್ನುವ ಸೋದರತ್ತೆಗೆ ತಿಳಿಯಲಿ ಎಂದು ಕನ್ನಡಕ್ಕೆ ಬಂದಳು. "ಆ ದಿನ ಪಪ್ಪಾ ಬೂಟು ಹಾಕ್ಲಿಕ್ಕೆ ಕೂತಿದ್ರು ಮಾಮಿ. ತುಂಬಾ ಹೊತ್ತು ಕೂತಿದ್ರು. ಲೇಸ್ ಕೈಯಲ್ಲೇ ಇತ್ತು, ಕಟ್ತಾ ಇರ್ಲಿಲ್ಲ. ಬಾಗಿಲಿಗೆ ಅಡ್ಡ. ನಂಗೆ ಟ್ರೇನ್ ಮಿಸ್ ಆಗ್ತಿತ್ತು. ಬಾಜೂ ಹೋ ನಾ, ರೋಜ್ ಕಾ ನಾಟಕ್, ಅಂತ ಹೇಳಿ ದಾಟಿ ಹೋದೆ. ಬದಿಗೆ ಸರೀರಿ, ದಿನಾ ಇದೇ ನಾಟಕ, ಅಂದ ಹಾಗೆ. ಮಮ್ಮಿ ಮುಖ ನೋಡಿದ್ರೆ ಅದೇ ನೆನಪಾಗ್ತದೆ. ಮಮ್ಮಿಗೆ ಅದು ಗೊತ್ತಿಲ್ಲ."

ನನಗೆ ಗೊತ್ತಿರಲಿಲ್ಲ, ನಿಜ. ನಾನು ಆಗ ಅಡುಗೆಮನೆಯಲ್ಲಿದ್ದೆ. ಎಂಟು ತಿಂಗಳು ನನ್ನ ಅಪರಾಧ ಅವಳ ಮುಖದಲ್ಲಿ ಓದುತ್ತಾ ಕೂತಿದ್ದೆ, ಅಲ್ಲಿದ್ದದ್ದು ಅವಳದ್ದು. ನಾನು ಓಮದ ನೀರಿನ ಕಥೆ ಹೇಳಿದೆ. ಬೈದದ್ದನ್ನೂ ಬಿಡದೆ ಹೇಳಿದೆ. ಆಗ ಅವಳು ತಿರುಗಿ ನೋಡಿದಳು.

ಅಕ್ಕ ಸೆರಗಿನ ತುದಿ ಹಿಂಡುತ್ತಿದ್ದರು. "ಅದರ ಹಿಂದಿನ ದಿನ ಸಂಜೆ ನಂಗೆ ಫೋನ್ ಮಾಡಿದ್ದ," ಎಂದರು. "ಎಡಗೈ ಸೆಳೆಯುತ್ತದೆ ಅಕ್ಕ, ಅಂದ. ಎಣ್ಣೆ ಬಿಸಿ ಮಾಡಿ ತಿಕ್ಕು, ಅಂದೆ. ಆಮೇಲೆ ನನ್ನ ಮೊಣಕಾಲಿನ ಸುದ್ದಿ ಶುರು ಮಾಡಿದೆ. ನಾನು ಯಾರ ಹತ್ರವೂ ಹೇಳಿರಲಿಲ್ಲ."

ಅಲ್ಲಿಗೆ ಮೆಟ್ಟಿಲ ಮೇಲೆ ಕೊಲೆಗಾರರು ಮೂವರಾದೆವು. ಇಷ್ಟು ದಿನ ಇಡೀ ಅಪರಾಧ ನಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದವಳು ನಾನು. ತಲೆ ಬೇರೆ ಕಡೆ ಓಡಿತು. ನನ್ನ ಹತ್ತಿರ ಎದೆ ಉರಿ ಎಂದಿದ್ದರು. ಅಕ್ಕನ ಹತ್ತಿರ ಕೈ ನೋವು. ಮಗಳ ಹತ್ತಿರ ಬಾಯಿಯನ್ನೇ ಬಿಡಲಿಲ್ಲ. ಎರಡನ್ನೂ ಒಬ್ಬರ ಹತ್ತಿರ ಒಟ್ಟಿಗೆ ಹೇಳಿದ್ದರೆ ನಾನಾದರೂ ಹೊರಡಲು ಬಿಡುತ್ತಿದ್ದೆನೇ? ರಜೆ ಹಾಕಬೇಕಾದೀತು ಎಂದು ಹೇಳಿರಲಿಕ್ಕಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಜ್ವರ ಬಂದರೂ ರಜೆ ಹಾಕದ ಮನುಷ್ಯ.

ಸಿಟ್ಟು ಬಂತು. ಅವರು ಹೋದ ಮೇಲೆ ಅವರ ಮೇಲೆ ಸಿಟ್ಟು ಬಂದದ್ದು ಅದೇ ಮೊದಲು. ಎದ್ದು ಹೋಗಿ ಬಾಗಿಲಿಗೆ ಅಂಗೈಯಿಂದ ಬಡಿದೆ. "ಒಬ್ಬರ ಹತ್ರ ಸರಿಯಾಗಿ ಹೇಳ್ಲಿಕ್ಕೆ ನಿಮಗೆ ಎಂತ ದೊಡ್ಡ ರೋಗ?" ಎಂದೆ. "ಮೂರು ಜನ ಮೂರು ಕಡೆ ಸಾಯುತ್ತಾ ಇದ್ದೇವೆ ಇಲ್ಲಿ. ಆರಾಮ ಉಣ್ಣಿ ನೀವು. ಚಹಾ ಕೂಡ ಇಟ್ಟಿದ್ದೇನೆ."

ಮೇಲಿನ ಮಾಳಿಗೆಯಿಂದ ಯಾರೋ ಬಗ್ಗಿ ನೋಡಿ "ಕಾಯ್ ಝಾಲಂ?" ಏನಾಯಿತು ಎಂದು ಕೇಳಿದರು. "ಕಾಹೀ ನಾಹೀ ಕಾಕೂ, ಚಾವೀ ಆತ್ ರಾಹಿಲೀ," ಏನಿಲ್ಲ, ಕೀಲಿ ಒಳಗೆ ಉಳಿಯಿತು ಎಂದು ಮಗಳು ಹೇಳಿದಳು. ಹೇಳುತ್ತಾ ಹೇಳುತ್ತಾ ನಗು ಬಂದು, ಆ ನಗು ಅಳುವಾಗಿ, ಗೋಡೆಗೆ ತಲೆ ಆನಿಸಿಕೊಂಡು ಬಿಕ್ಕತೊಡಗಿದಳು. ಶವ ಎತ್ತುವಾಗಲೂ ಅತ್ತವಳಲ್ಲ ಅವಳು. ನಾನು ಕೆಳಗಿನ ಮೆಟ್ಟಿಲಿಗಿಳಿದು ಪಕ್ಕದಲ್ಲಿ ಕೂತೆ. ಅಪ್ಪಿಕೊಳ್ಳುವುದು ನಮ್ಮಲ್ಲಿ ರೂಢಿಯಿಲ್ಲ. ಅವಳ ಭುಜ ನನ್ನ ಭುಜಕ್ಕೆ ತಾಗಿತ್ತು, ಅವಳು ಸರಿದು ಕೂರಲಿಲ್ಲ.

ಚಾವಿವಾಲಾ ಮುದುಕ, ಒದ್ದೆಯಾಗಿ ಏದುಸಿರು ಬಿಡುತ್ತಾ ಬಂದ. ಬಾಗಿಲಿಗೆ ಕಿವಿಕೊಟ್ಟು, ಕೆಳಗಿನ ಸಂದಿಯಿಂದ ಬರುತ್ತಿದ್ದ ದೀಪದ ಬೆಳಕು ನೋಡಿದ. ಒಳಗಿನಿಂದ ಚಿಲಕ ಹಾಕಿದ್ದರೆ ತನ್ನ ಕೆಲಸ ಆಗುವುದಿಲ್ಲ ಎಂದು, "ಅಂದರ್ ಕೋಯೀ ಹೈ ಕ್ಯಾ?" ಒಳಗೆ ಯಾರಾದರೂ ಇದ್ದಾರಾ ಎಂದು ಕೇಳಿದ.

ಅಕ್ಕ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಉಣ್ಣುವವರನ್ನು ಒಳಗೆ ಕೂರಿಸಿ ಬಂದವರು ನಾವು, ಏನೆಂದು ಹೇಳುವುದು?

ಮಗಳು ಮೂಗು ಒರೆಸಿಕೊಂಡು ಎದ್ದು ನಿಂತಳು.

"ನಹೀ ಚಾಚಾ," ಎಂದಳು. "ಅಂದರ್ ಕೋಯೀ ನಹೀ. ಹಮ್ ಸಬ್ ಇಧರ್ ಹೀ ಹೈ."

ಒಳಗೆ ಯಾರೂ ಇಲ್ಲ, ನಾವೆಲ್ಲ ಇಲ್ಲೇ. ಎಲ್ಲ ಎಂದರೆ ಮೂರೇ ಜನ ಇದ್ದೆವು. ಅವಳು ಎಣಿಸಿದ ಮೂವರಲ್ಲಿ ನಾನೂ ಒಬ್ಬಳಾಗಿದ್ದೆ.