ಸೀಮೆಸುಣ್ಣದ ಸುತ್ತಿನೊಳಗೆ ಕೈಯಿಡದ ಕರುಪ್ಪಾಯಿ

ತಮಿಳು ಸೀಮೆಯ ಚಿನ್ನಮನೂರಿನಿಂದ ಕಂಬಂ ಊರಿಗೆ ಹೋಗುವ ಮೊದಲ ಬಸ್ಸು ಎಬ್ಬಿಸಿದ ದೂಳು ಇನ್ನೂ ಕೂತಿಲ್ಲ. ರಸ್ತೆಯಂಚಿನ ತಗಡಿನ ಮಾಡಿನ ಕೆಳಗೆ ಕರುಪ್ಪಾಯಿ ಮೋಟಾರ್ ಸೈಕಲ್ಲಿನ ಟ್ಯಾಂಕೊಂದನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಕೂತಿದ್ದಾರೆ, ಎಣ್ಣೆನೀರಿಗೆ ಮಗುವನ್ನು ಕೂರಿಸಿಕೊಂಡವರ ಹಾಗೆ. ಬೆಟ್ಟದ ಸಾಲಿನ ಮೇಲಿಂದ ಓರೆಯಾಗಿ ಬಿದ್ದ ಬೆಳಕು ಟ್ಯಾಂಕಿನ ಕಪ್ಪು ಮೈಮೇಲೆ ಜಾರುತ್ತಾ ಬಂದು ಒಂದು ಕಡೆ ಮುಗ್ಗರಿಸುತ್ತದೆ. ಅಲ್ಲಿ ಅಂಗೈ ಅರ್ಧದಷ್ಟು ಅಗಲದ ನೆಗ್ಗು.

"ಈ ಹೊತ್ತಿನ ಬೆಳಕು ಸುಳ್ಳು ಹೇಳಲ್ಲ ತಾಯಿ. ನಡುಮಧ್ಯಾಹ್ನ ಬಾ, ಎಲ್ಲಾ ವಂಡಿನೂ ಹೊಸದಾಗೇ ಕಾಣ್ತದೆ," ಎಂದು ಬೈಕು ತಂದ ಹುಡುಗಿಗೆ ಹೇಳುತ್ತಾರೆ ಅವರು. ಬೈಕಿಗೆ ಇಲ್ಲಿ ಎಲ್ಲರೂ ವಂಡಿ ಎಂದೇ ಹೇಳುವುದು. ತಲೆಮಾರುಗಳ ಹಿಂದೆ ಇಲ್ಲಿ ಬಂದು ನೆಲೆಸಿದವರ ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು, ಕೆಲಸದ ಮಧ್ಯೆ ಎರಡೂ.

ಐವತ್ತನಾಲ್ಕು ವರ್ಷದ ಕರುಪ್ಪಾಯಿಯ ಕೆಲಸ ಚಿಕ್ಕದು. ಎಂಜಿನ್ ಅವರಿಗೆ ಬೇಡ, ಚಕ್ರ ಬೇಡ. ಬಿದ್ದ ವಂಡಿಯ ಗೀರು, ಗೋಡೆಗೆ ತಾಗಿ ಎದ್ದ ಬಣ್ಣ, ಕಲ್ಲು ಬಡಿದ ನೆಗ್ಗು, ಇಷ್ಟೇ. ದಿನಕ್ಕೆ ಮೂರು ವಂಡಿ, ಹಬ್ಬ ಹತ್ತಿರವಾದರೆ ಆರು. ಒಂದೊಂದು ಗೀರಿಗೂ ನಾಲ್ಕು ಬಗೆಯ ಉಪ್ಪುಕಾಗದ, ಎಂದರೆ ಮರಳುಕಾಗದ, ಒರಟಿನಿಂದ ನುಣುಪಿಗೆ, ಪ್ರತಿಯೊಂದೂ ನೀರಲ್ಲಿ ಅದ್ದಿ ಅದ್ದಿ. ಸಂಜೆಯೊಳಗೆ ಹತ್ತು ಬಕೆಟ್ ನೀರು ಕಪ್ಪಾಗಿ ಚರಂಡಿ ಸೇರುತ್ತದೆ.

ಹುಟ್ಟಿದ್ದು ಹನುಮಂತನಪಟ್ಟಿಯಲ್ಲಿ. ಹುಡುಗಿಯಾಗಿದ್ದಾಗ ದ್ರಾಕ್ಷಿ ತೋಟದ ಕೂಲಿ. ಚಪ್ಪರದ ಕೆಳಗೆ ಕತ್ತೆತ್ತಿ ನಿಂತು, ಎಲೆಯ ಹಿಂದಿರುವ ಗೊಂಚಲನ್ನು ಬೆರಳಿನಿಂದಲೇ ನೋಡುವುದನ್ನು ಅಲ್ಲಿ ಕಲಿತರು. ಮದುವೆಯಾಗಿ ಬಂದ ಮೇಲೆ ಗಂಡ ಪಾಂಡಿ ಬಣ್ಣ ಹೊಡೆಯುತ್ತಿದ್ದರು, ಇವರು ಪಕ್ಕದಲ್ಲಿ ಉಜ್ಜುತ್ತಿದ್ದರು. ಏಳು ವರ್ಷದ ಹಿಂದೆ ಪಾಂಡಿಯವರ ಕೈ ನಡುಗಲು ಶುರುವಾಯಿತು. ಈಗ ಅವರ ಪಾಲಿಗೆ ಉಳಿದಿರುವುದು ಬಿಸಿನೀರು, ಟೀ ಮತ್ತು ಬಾಯಿ.

ಉಪ್ಪುಕಾಗದ ಬಣ್ಣವನ್ನಷ್ಟೇ ಉಜ್ಜುವುದಿಲ್ಲ. ಕರುಪ್ಪಾಯಿಯ ಹೆಬ್ಬೆರಳಿನ ಗೆರೆಗಳೆಲ್ಲ ಅಳಿಸಿಹೋಗಿವೆ. ರೇಷನ್ ಅಂಗಡಿಯ ಯಂತ್ರದ ಮೇಲೆ ಬೆರಳಿಟ್ಟರೆ ಅದು ಸುಮ್ಮನಿರುತ್ತದೆ.

"ಇವ್ಳು ಕಳ್ಳತನ ಮಾಡುದ್ರೂ ಪೋಲೀಸ್ನೋರ್ಗೆ ಸಿಗಲ್ಲ," ಪಾಂಡಿ ಹೇಳುತ್ತಾರೆ.

"ಕದ್ದಿದ್ರೆ ನಿನ್ನ ಜೊತೆ ಯಾಕ್ ಮಾಮಾ ಇಲ್ಲಿ ಕೂತಿರ್ತಿದ್ದೆ?" ತಲೆಯೆತ್ತದೆ ಕರುಪ್ಪಾಯಿ ಗಂಡನನ್ನು ಕೇಳುತ್ತಾರೆ.

ಈ ಮಾಡಿಗೆ ವಂಡಿ ತಂದವರ ಕೈಗೆ ಮೊದಲು ಬರುವುದು ಒಂದು ತುಂಡು ಸೀಮೆಸುಣ್ಣ. ತೆಗೆಯಬೇಕಾದ ಗೀರನ್ನು ತೋರಿಸಬೇಕಿಲ್ಲ, ಅದನ್ನು ಅವರೇ ಹುಡುಕಿಕೊಳ್ಳುತ್ತಾರೆ. ಯಾವ ಗುರುತನ್ನು ಹಾಗೆಯೇ ಬಿಡಬೇಕೋ ಅದರ ಸುತ್ತ ಗೆರೆ ಎಳೆಯಬೇಕು. ಹೊಸಬರು ನಗುತ್ತಾರೆ. ಆದರೂ ಯಾರೋ ಒಬ್ಬರು ತಮ್ಮ ಮಗಳು ಮೊಳೆಯಿಂದ ಕೆರೆದ ಅಕ್ಷರಕ್ಕೆ ಸುತ್ತು ಹಾಕುತ್ತಾರೆ. ಸುತ್ತಿನೊಳಗೆ ಕರುಪ್ಪಾಯಿ ಕೈಯಿಡುವುದಿಲ್ಲ.

ಈ ಪದ್ಧತಿ ಹುಟ್ಟಿದ್ದು ಒಂದು ತಪ್ಪಿನಿಂದ. ಹನ್ನೊಂದು ವರ್ಷದ ಹಿಂದೆ ಹಾಲು ಹಾಕುವವರೊಬ್ಬರ ವಂಡಿ ಬಂದಿತ್ತು. ಅವರು ತೀರಿಕೊಂಡಿದ್ದರು, ಹೆಂಡತಿ ಹಿಂದಿನ ಮಡ್‌ಗಾರ್ಡ್ ಸರಿಮಾಡಲು ಕಳಿಸಿದ್ದರು. ಟ್ಯಾಂಕಿನ ಎರಡೂ ಬದಿಗೆ ಬಣ್ಣ ಮಂಕಾಗಿತ್ತು. ಪಾಪ ಅನ್ನಿಸಿ, ಕೇಳದೆಯೇ, ಕರುಪ್ಪಾಯಿ ಅದನ್ನೂ ಉಜ್ಜಿ ಹೊಸ ಬಣ್ಣ ಹಾಕಿಸಿದರು. ಅದು ವರ್ಷಗಟ್ಟಲೆ ಸವಾರನ ಮಂಡಿ ಒತ್ತಿ ಒತ್ತಿ ಆದ ಸವೆತ.

"ಆಯಮ್ಮ ಬಂದ್ಳು. ಟ್ಯಾಂಕ್ ಮೇಲೆ ಕೈಯಾಡಿಸುದ್ಲು. 'ಎಲ್ಲಿ ಅವ್ರು?' ಅಂತ ಕೇಳುದ್ಲು. ಅವತ್ತೇ ಸೀಮೆಸುಣ್ಣ ತಂದಿಟ್ಟೆ."

ಇವತ್ತು ಅವರ ಮೊಣಕಾಲ ನಡುವೆ ಇರುವುದೂ ಅಂಥದ್ದೇ ಟ್ಯಾಂಕು. ಹತ್ತೊಂಬತ್ತು ವರ್ಷ ಈ ವಂಡಿಯ ಮೇಲೆ ದ್ರಾಕ್ಷಿ ಪೆಟ್ಟಿಗೆ ಹೇರಿಕೊಂಡು ಕಂಬಂ ಮಾರುಕಟ್ಟೆಗೆ ಹೋಗುತ್ತಿದ್ದ ಚಿನ್ನಯ್ಯ, ನಾಲ್ಕು ತಿಂಗಳ ಹಿಂದೆ ಕಾಲುವೆಯ ಏರಿಯ ಮೇಲೆ ಎದೆನೋವು ಬಂದು ಬಿದ್ದರು. ಮತ್ತೆ ಏಳಲಿಲ್ಲ. ವಂಡಿ ಕಲ್ಲಿಗೆ ಬಡಿದು ನೆಗ್ಗಿತು. ಅಂದಿನಿಂದ ಹೆಂಡತಿ ಕಣ್ಣಮ್ಮಾಳ್ ಆ ನೆಗ್ಗನ್ನು ನೋಡಲಾರರು. ಇಲ್ಲಿಗೆ ಬರುವವರೆಗೂ ವಂಡಿ ಮನೆಯ ಬೇಲಿಯ ಹೊರಗೇ ನಿಂತಿತ್ತು. ನೆಗ್ಗು ಹೋಗದಿದ್ದರೆ ನಾಳೆ ಬರುವ ದಲ್ಲಾಳಿಗೆ ಕೊಟ್ಟುಬಿಡುವುದೆಂದು ಅವರು ಹಟ ಹಿಡಿದಿದ್ದಾರೆ. ಹಾಲಿನ ಸೊಸೈಟಿಯಲ್ಲಿ ಕೆಲಸ ಮಾಡುವ ಮಗಳು ತಿಲಗವತಿಗೆ ಅಪ್ಪನ ವಂಡಿ ಬೇಕು. ಅಪ್ಪನ ಮಂಡಿಯ ಸವೆತಕ್ಕೆ ಅವಳು ಸುತ್ತು ಹಾಕಿದ್ದಾಳೆ. ನೆಗ್ಗಿಗೂ ಸುತ್ತಿಗೂ ನಡುವೆ ಇರುವುದು ಎರಡೇ ಬೆರಳು.

ಎಲ್ಲರೂ ಮಾಡುವಂತೆ ನೆಗ್ಗಿಗೆ ಪುಟ್ಟಿಯ ಮೆತ್ತು ತುಂಬಿ ಬಣ್ಣ ಹೊಡೆದರೆ ಸವೆತವೂ ಮುಚ್ಚಿಹೋಗುತ್ತದೆ. ಉಳಿದಿರುವುದು ಒಂದೇ ದಾರಿ. ಪೆಟ್ರೋಲ್ ಪೂರಾ ತೆಗೆದು, ತೊಳೆದು, ಎರಡು ದಿನ ಒಣಗಿಸಿದ ಟ್ಯಾಂಕಿನ ಬಾಯಿಯೊಳಗೆ ಬಾಗಿದ ಕಂಬಿ ಇಳಿಸಿ, ತಗಡನ್ನು ಒಳಗಿನಿಂದ ಎಳ್ಳಷ್ಟೆಳ್ಳಷ್ಟೇ ತಳ್ಳಬೇಕು. ಹತ್ತೊಂಬತ್ತು ವರ್ಷದ ಬಣ್ಣ ಒಣಗಿದ ಎಲೆಯಂತಿದೆ. ಸಿಡಿದರೆ ಮುಗಿಯಿತು.

ತಿಲಗವತಿ ಕಂಬಕ್ಕೊರಗಿ ನಿಂತಿದ್ದಾಳೆ. ಕಣ್ಣಮ್ಮಾಳ್ ವಂಡಿಗೆ ಬೆನ್ನು ಮಾಡಿ, ರಸ್ತೆಯ ಕಡೆ ಮುಖ ಹಾಕಿ ಬೆಂಚಿನ ಮೇಲೆ ಕೂತಿದ್ದಾರೆ. ಪಾಂಡಿ ಕೊಟ್ಟ ಟೀ ಅವರ ಕೈಯಲ್ಲೇ ತಣ್ಣಗಾಗುತ್ತಿದೆ.

ಪಾಂಡಿ ನಡುಗುವ ಕೈಯಿಂದ ನೆಗ್ಗಿನ ಮೇಲೆ ಬಿಸಿನೀರು ಸುರಿಯುತ್ತಾರೆ. ಕರುಪ್ಪಾಯಿ ಕಣ್ಣು ಮುಚ್ಚುತ್ತಾರೆ. ಎಡಗೈ ಬೆರಳು ಹೊರಗೆ, ಬಲಗೈಯ ಕಂಬಿ ಒಳಗೆ. ಒಂದು ತಳ್ಳು. ಬೆರಳಾಡಿಸುವುದು. ಮತ್ತೆ ಬಿಸಿನೀರು. ಹೀಗೆ ಮುಕ್ಕಾಲು ಗಂಟೆ. ನೆಗ್ಗು ಬಟ್ಟಲಿನಿಂದ ತಟ್ಟೆಯಾಗುತ್ತದೆ, ತಟ್ಟೆಯಿಂದ ವೀಳ್ಯದೆಲೆಯಾಗುತ್ತದೆ.

ಆಗ ಟಿಕ್ ಎಂಬ ಸಣ್ಣ ಸದ್ದು.

ನೆಗ್ಗಿನ ಅಂಚಿನಲ್ಲಿ, ಸುತ್ತಿನ ಹೊರಗೆ, ಬಣ್ಣದ ಮೇಲೆ ಕೂದಲೆಳೆಯಷ್ಟು ಬಿರುಕು. ಕರುಪ್ಪಾಯಿ ಕಂಬಿಯನ್ನು ಮೆಲ್ಲಗೆ ಹೊರಗೆಳೆಯುತ್ತಾರೆ.

"ಏ ಪುಳ್ಳ, ಇನ್ನೊಂದೇ ತಳ್ಳು. ಪೂರಾ ಸಮ ಆಗೋಗ್ತದೆ," ಪಾಂಡಿ ಹೆಂಡತಿಗೆ ಪಿಸುಗುಡುತ್ತಾರೆ.

"ಪೋದುಂ ಮಾಮಾ. ಸಾಕು. ಇನ್ನೊಂದು ತಳ್ಳುದ್ರೆ ನಂಗೆ ಒಳ್ಳೆ ಹೆಸ್ರು. ಬಿರುಕು ಸುತ್ತಿನೊಳಕ್ಕೆ ಓಡುದ್ರೆ ಇವ್ರಿಗೆ ಏನ್ ಉಳೀತದೆ?"

ಬಟ್ಟೆಯಿಂದ ಒರೆಸಿ, ಟ್ಯಾಂಕನ್ನು ವಂಡಿಗೆ ಕೂರಿಸಿ, ಬೆಳಕಿಗೆ ತಿರುಗಿಸುತ್ತಾರೆ. ಬೆಳಕು ಈ ಸಲ ಮುಗ್ಗರಿಸುವುದಿಲ್ಲ, ತುಸು ತಡವರಿಸಿ ಮುಂದೆ ಹೋಗುತ್ತದೆ.

"ಅಕ್ಕಾ, ಒಸಿ ತಿರುಗಿ ನೋಡು."

ಕಣ್ಣಮ್ಮಾಳ್ ತಿರುಗಲು ಬಹಳ ಹೊತ್ತು ಹಿಡಿಯುತ್ತದೆ. ಎದ್ದು ಬಂದು, ಮೊದಲು ನೆಗ್ಗು ಇದ್ದ ಜಾಗವನ್ನು ದೂರದಿಂದ ನೋಡುತ್ತಾರೆ. ಆಮೇಲೆ ಅಂಗೈ ಇಡುತ್ತಾರೆ. ಅಂಗೈ ಜಾರಿ ಗಂಡನ ಮಂಡಿಯ ಸವೆತದ ಮೇಲೆ ನಿಲ್ಲುತ್ತದೆ, ಮತ್ತೆ ಹಿಂದಕ್ಕೆ ಬರುತ್ತದೆ. ಉಗುರಿಗೆ ಬಿರುಕು ಸಿಗುತ್ತದೆ.

"ಇದೇನು? ಅವತ್ತು ಬಿದ್ದಾಗ ಆದದ್ದಾ?"

"ಇಲ್ಲ ಅಕ್ಕಾ. ಅದು ನಂದು. ಈಗ ನನ್ನ ಕೈಯಲ್ಲಿ ಆಯ್ತು. ಅವ್ರು ಬಿದ್ದದ್ದಕ್ಕೂ ಅದಕ್ಕೂ ಏನೂ ಇಲ್ಲ."

ಕಣ್ಣಮ್ಮಾಳ್ ಬಿರುಕನ್ನು ಇನ್ನೊಮ್ಮೆ ಮುಟ್ಟಿ ನೋಡುತ್ತಾರೆ. "ನಿಂದಾದ್ರೆ ಇರ್ಲಿ ಬಿಡು," ಎನ್ನುತ್ತಾರೆ. ಮಗಳು ತೆಗೆದಿಟ್ಟ ಪೆಟ್ರೋಲ್ ಮತ್ತೆ ಸುರಿದು ವಂಡಿ ಶುರು ಮಾಡಿದಾಗ ಸೆರಗು ಬಿಗಿದುಕೊಂಡು ಹಿಂದೆ ಹತ್ತುತ್ತಾರೆ. "ಬೇಲಿ ಹತ್ರ ನಿಲ್ಲುಸ್ಬೇಡ ನನ್ ಕಣ್ಣು. ಒಳಗೇ ತಂದ್ಬಿಡು. ಮೆಲ್ಲಗೆ ಹೋಗು."

ವಂಡಿ ಹನುಮಂತನಪಟ್ಟಿಯ ಕಡೆ ಹೊರಳಿ ತೆಂಗಿನ ಸಾಲಿನಲ್ಲಿ ಮರೆಯಾಗುತ್ತದೆ. ಪಾಂಡಿಗೆ ಸಮಾಧಾನವಿಲ್ಲ. "ಇಷ್ಟು ಮಾಡಿ ಒಂದು ಎಳ್ಳು ಬಾಕಿ ಬಿಟ್ಟೆಯಲ್ಲ. ನೋಡ್ದೋರು ಕೆಲ್ಸ ಬರಲ್ಲ ಅಂತಾರೆ."

"ಅನ್ಲಿ," ಎನ್ನುತ್ತಾ ಕರುಪ್ಪಾಯಿ ಕಂಬಿಯ ತುದಿಯನ್ನು ಎಣ್ಣೆಬಟ್ಟೆಯಿಂದ ಒರೆಸುತ್ತಾರೆ. "ತಳ್ಳೋದು ಒಂದು ವರ್ಷದಲ್ಲಿ ಬಂತು ಮಾಮಾ. ಎಲ್ಲಿ ನಿಲ್ಲುಸ್ಬೇಕು ಅಂತ ಈ ಕೈಗೆ ಗೊತ್ತಾಗೋಕೆ ಇಪ್ಪತ್ತಾರು ವರ್ಷ ಆಯ್ತು."