ಗಂಜಿ ಹಾಕಿದ ಕಾರು

ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯಂತ್ರ ರಿಪೇರಿ ಮಾಡಿದವನಿಗೆ ಹಗುರವಾದದ್ದು ಯಾವುದೂ ಹಿಡಿಸುವುದಿಲ್ಲ. ಎರಸ್ಮೋ ಮಾಡಿದ ಕುರ್ಚಿ ಎತ್ತಲು ಇಬ್ಬರು ಬೇಕು. ಮೊಳೆ ಸಾಕಾಗುವ ಕಡೆ ಅವನು ಎರಡೆರಡು ಬೋಲ್ಟು ಬಿಗಿಯುತ್ತಿದ್ದ. ಕಾರ್ಖಾನೆ ಮುಚ್ಚಿದರೂ ಆ ಚಟ ಹೋಗಲಿಲ್ಲ.

ಅಂಥವನು ಕಾರು ಕಟ್ಟಲು ಕೂತದ್ದು ತಂಗಿ ಓದಾಲಿಸ್‌ಗಾಗಿ. ಅವಳ ಮೂತ್ರಪಿಂಡಗಳು ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಓಲ್ಗಿನ್ ಪಟ್ಟಣದ ಆಸ್ಪತ್ರೆಯಲ್ಲಿ ರಕ್ತ ಶುದ್ಧಿಯಾಗಬೇಕು. ದಾರಿ ನಲವತ್ತು ಕಿಲೋಮೀಟರು. ಕ್ಯೂಬಾದಲ್ಲಿ ಪೆಟ್ರೋಲು ಕಣ್ಣಿಗೆ ಬೀಳದ ಕಾಲ. ಲಾರಿ, ಕುದುರೆಗಾಡಿ, ಸಿಕ್ಕಿದ್ದನ್ನು ಹತ್ತಿ ಅವಳು ವಾರಕ್ಕೆರಡು ಸಲ ತಲುಪಿದರೆ ಅದೇ ಹೆಚ್ಚು. ಮೂರನೆಯ ಸಲ ತಪ್ಪಿದಾಗ ಕಾಲು ಊದುತ್ತಿತ್ತು, ಉಸಿರು ಕಟ್ಟುತ್ತಿತ್ತು. ಎರಸ್ಮೋಗೆ ವಾರಕ್ಕೆ ಸಿಗುತ್ತಿದ್ದದ್ದು ಮೂರೇ ಲೀಟರು ಪೆಟ್ರೋಲು. ಅಂದರೆ ಒಂದು ಲೀಟರಿನಲ್ಲಿ ಎಂಬತ್ತು ಕಿಲೋಮೀಟರು ಹೋಗಿ ಬರಬೇಕು.

ನೀರಿನ ಪಂಪಿನ ಎಂಜಿನ್ನು, ಮೂರು ಸೈಕಲ್ ಚಕ್ರ, ಪೆಟ್ರೋಲಿಗೆ ಒಂದು ಸೀಸೆ, ಮೀನಿನಂತೆ ಹಿಂದಕ್ಕೆ ಚೂಪಾಗುವ ತಗಡಿನ ಮೈ. ಎಂಟು ತಿಂಗಳಲ್ಲಿ ಕಾರು ಸಿದ್ಧವಾಯಿತು. ಒಂದು ಲೀಟರು ಹಾಕಿ ಓಡಿಸಿದರೆ ಮೂವತ್ತೆಂಟು ಕಿಲೋಮೀಟರಿಗೇ ಉಸ್ಸೆಂದು ನಿಂತಿತು.

ಪಕ್ಕದ ಮನೆಯ ಫೆರ್ಮಿನ್ ಡೊಮಿನೊ ಆಟ ಬಿಟ್ಟು ಎದ್ದು ಬಂದ. "ಏನೋ ಎರಸ್ಮೋ, ಕಾರ್ ಮಾಡ್ತೀನಿ ಅಂತ ರೈಲಿಂಜಿನ್ ಮಾಡಿದ್ಯಲ್ಲೋ! ಕಬ್ಬು ಎಳೆಸ್ತೀಯಾ?"

"ಹೋಗೋ, ನಿನ್ ಆಟ ನೋಡ್ಕೋ."

ಓದಾಲಿಸ್ ನಗಲಿಲ್ಲ. ಊರಿಗೆಲ್ಲ ಬಟ್ಟೆ ಹೊಲಿದವಳು ಅವಳು. ತಗಡನ್ನು ತಟ್ಟಿ ನೋಡಿದಳು.

"ಅಣ್ಣಾ, ಗಾಳಿ ಜಾರ್ಕೊಂಡು ಹೋಗ್ಲಿ ಅಂತ ತಾನೆ ಈ ಮೈ?"

"ಹ್ಞೂಂ."

"ತಗಡೋ ಬಟ್ಟೆಯೋ, ಗಾಳಿಗೇನ್ ಗೊತ್ತಾಗತ್ತೆ? ಈ ಸೆಕೇಲಿ ಅಂಗಿ ಹೊಲ್ಕೊಡು ಅಂದ್ರೆ ನೀನು ಕಂಬಳಿ ಕೋಟು ಹೊಲ್ದಿದ್ದೀಯಲ್ಲ!"

ಎರಸ್ಮೋಗೆ ಸಿಟ್ಟು ನೆತ್ತಿಗೇರಿತು. ಬಟ್ಟೆಯ ಕಾರಿನಲ್ಲಿ ಕೂರಬೇಕಾದವಳು ತನ್ನ ತಂಗಿಯೇ ಅಲ್ಲವೇ? ಆದರೂ ಒಂದೊಂದೇ ಬೋಲ್ಟು ಬಿಚ್ಚಿದ. ಬಿದಿರಿನ ಸೀಳುಗಳ ಮೇಲೆ ಅವಳು ತನ್ನ ಬೆಡ್‌ಶೀಟುಗಳನ್ನು ಎಳೆದು ಹೊಲಿದಳು, ಮರಗೆಣಸಿನ ಗಂಜಿ ಬಳಿದು ಒಣಗಿಸಿದಳು, ಮೇಲೆ ವಾರ್ನಿಷ್ ಹಚ್ಚಿದಳು. ಬೆರಳಲ್ಲಿ ಬಡಿದರೆ ಡೋಲಿನಂತೆ ನುಡಿಯಿತು. ಆ ಇಡೀ ಮೈಯನ್ನು ಅವಳೊಬ್ಬಳೇ ಎತ್ತಿದಳು. ಊದಿದ ಕಾಲಿನವಳು! ಎರಸ್ಮೋ ಬಿಟ್ಟ ಬಾಯಿ ಬಿಟ್ಟಂತೆ ನಿಂತ.

ಮಂಗಳವಾರ ಬೆಳಿಗ್ಗೆ ಸೀಸೆಗೆ ಒಂದು ಲೀಟರು ತುಂಬಿ ಹೊರಟರು. ಇಳಿಜಾರು ಬಂದಾಗ ಎರಸ್ಮೋ ಎಂಜಿನ್ನು ಆರಿಸಿದ. ಕಾರು ನಿಲ್ಲಲಿಲ್ಲ. ಸದ್ದೇ ಇಲ್ಲದೆ ಕಬ್ಬಿನ ಗದ್ದೆಗಳ ನಡುವೆ ಹರಿಯಿತು, ಇಳಿಜಾರು ಮುಗಿದ ಮೇಲೂ ಹರಿಯುತ್ತಲೇ ಇತ್ತು. ಅವನ ಮೈ ಜುಮ್ಮೆಂದಿತು. ಇಷ್ಟು ವರ್ಷ ಯಂತ್ರಗಳ ಜೊತೆ ಬಾಳಿ ಇಂಥದ್ದನ್ನು ಅವನು ಕಂಡಿರಲಿಲ್ಲ.

"ಅಣ್ಣಾ, ಯಾರು ಒಯ್ತಾ ಇದಾರೆ ನಮ್ಮನ್ನ?" ಓದಾಲಿಸ್ ಪಿಸುಗುಟ್ಟಿದಳು.

"ಸುಮ್ನಿರೇ," ಅಂದ.

ಆಸ್ಪತ್ರೆಯ ಬಾಗಿಲಲ್ಲಿ ಇಬ್ಬರೂ ಸೀಸೆಗೆ ಕಣ್ಣಿಟ್ಟು ನೋಡಿದರು. ಅರ್ಧಕ್ಕಿಂತ ಎರಡು ಬೆರಳು ಮೇಲೇ ಉಳಿದಿತ್ತು.

ಒಳಗೆ ನರ್ಸು ಪುಸ್ತಕ ತೆರೆದಳು. "ಅಕ್ಕಾ, ಯಾವಾಗಿನ ಹಾಗೆ ಈ ಗುರುವಾರಾನೂ ಬರಲ್ಲ ತಾನೆ? ಶನಿವಾರಕ್ಕೆ ಬರ್ಕೊಳ್ಲಾ?"

ಓದಾಲಿಸ್ ಅಣ್ಣನ ಕಡೆ ತಿರುಗಿ ನೋಡಿದಳು.

"ಎರಡಕ್ಕೂ ಬರ್ಕೋ, ತಾಯಿ," ಅಂದ ಎರಸ್ಮೋ.