ತುಂಡುನೂಲಿನ ಕಿರೀಟ

ಆಸ್ಟ್ರೇಲಿಯಾದ ಜೀಲಾಂಗ್ ಊರಿನ ಒಂದು ಉಣ್ಣೆ ಮಿಲ್ಲಿನಲ್ಲಿ ಮದುವೆಯಾಗಿ ಕೆಲಸ ಬಿಡುವ ಹುಡುಗಿಯನ್ನು ಸುಮ್ಮನೆ ಕಳಿಸುವ ರೂಢಿಯೇ ಇರಲಿಲ್ಲ. ಮಗ್ಗದಡಿ ಬಿದ್ದ ತುಂಡುನೂಲಿನಿಂದ ಕಿರೀಟ ಹೆಣೆದು ತಲೆಗಿಟ್ಟು, ಉಣ್ಣೆ ಸಾಗಿಸುವ ತಳ್ಳುಗಾಡಿಯಲ್ಲಿ ಕೂರಿಸಿ, ತಗಡಿನ ಡಬ್ಬ ಬಡಿಯುತ್ತ ಮಿಲ್ಲೆಲ್ಲ ಸುತ್ತಿಸಿ, ದೊಡ್ಡ ಗೇಟಿನವರೆಗೆ ಬಿಟ್ಟುಬರುತ್ತಿದ್ದರು. ಕಿರೀಟ ಹೆಣೆಯುವವಳು ಮಾತ್ರ ಯಾವಾಗಲೂ ಎನಿಡ್ ಪ್ರೌಸ್.

ಶಾಲೆ ಬಿಟ್ಟ ವರ್ಷವೇ ರಫು ವಿಭಾಗ ಸೇರಿದವಳು ಅವಳು. ನೇಯ್ದ ಬಟ್ಟೆಯ ದೋಷವನ್ನು ಬೆರಳಲ್ಲೇ ಹುಡುಕಿ, ಹೊಲಿದದ್ದೇ ಕಾಣದ ಹಾಗೆ ಹೊಲಿಯುತ್ತಿದ್ದಳು. ಹಾಸಿಗೆ ಹಿಡಿದ ತಾಯಿಯ ಆರೈಕೆಯಲ್ಲೇ ವಯಸ್ಸು ಜಾರಿತು, ಮದುವೆ ಕೂಡಿಬರಲಿಲ್ಲ. ಯಾರಾದರೂ ಅಯ್ಯೋ ಪಾಪ ಎಂದರೆ ಸಾಕು, ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಹೊರದೇಶದ ಅಗ್ಗದ ಬಟ್ಟೆ ಬಂದು ಮಿಲ್ಲು ಸೊರಗಿತು. ರಫು ವಿಭಾಗವನ್ನೇ ಮುಚ್ಚಿದರು. ಚಿಕ್ಕವರನ್ನು ಮಗ್ಗಕ್ಕೆ ಹಾಕಿದರು. ಎನಿಡಳ ವಯಸ್ಸಿಗೆ ಜಾಗವಿಲ್ಲವಂತೆ. ಅವಳನ್ನು ಕೊರೆದದ್ದು ಒಂದೇ: ಕಂಡವರ ಮಕ್ಕಳನ್ನೆಲ್ಲ ಮೆರೆಸಿ ಕಳಿಸಿದವಳು ತಾನು, ತನ್ನನ್ನು ಕಳಿಸಿಕೊಡಲು ಯಾರೂ ಇಲ್ಲವಲ್ಲ!

ಕೊನೆಯ ದಿನ ಸೈರನ್ನಿಗೆ ಮೊದಲೇ ಚೀಲ ಎತ್ತಿಕೊಂಡು ಹಿಂಬಾಗಿಲಿಗೆ ನಡೆದಳು. ಅಲ್ಲಿ ನೇಕಾರ ಹೆಂಗಸರ ದಂಡು. ಮುಂದೆ ಇಟಲಿಯ ಅಸುಂತಾ, ತಳ್ಳುಗಾಡಿ ಹಿಡಿದುಕೊಂಡು.

"ಎಲ್ಲಿಗೆ ಹೊರಟೆ, ಕಳ್ಳಿ ಥರ? ಗಾಡಿ ಹತ್ತು!"

ಅಸುಂತಾಳ ಕೈಯಲ್ಲಿ ಕಿರೀಟ ಕಂಡು ಎನಿಡಳ ಮುಖ ಕೆಂಪಾಯಿತು. "ಆಡ್ಕೊಳ್ಳೋಕೆ ನಾನೇ ಬೇಕಿತ್ತೇನ್ರೇ? ಯಾವ ಗಂಡ ಕಾಯ್ತಿದಾನೆ ಅಂತ ಇದೆಲ್ಲ?"

"ಗಂಡನ ಸುದ್ದಿ ಯಾಕೆ? ಮನೆಮಗಳು ಹೊರಟು ನಿಂತ್ರೆ ಹಾಗೇ ಕಳಿಸ್ತಾರಾ?" ಅಸುಂತಾ ಗಾಡಿಯನ್ನು ಅವಳ ಮುಂದಕ್ಕೆ ತಳ್ಳಿದಳು. "ನಾನು ಬಂದಾಗ ನಂಗೆ ಇಲ್ಲೀ ಮಾತೇ ಬರ್ತಿರ್ಲಿಲ್ಲ. ನಿನ್ ಊಟದ ಡಬ್ಬೀಲಿ ಅರ್ಧ ಕೊಟ್ಟೋಳು ನೀನು. ಸುಮ್ನೆ ಹತ್ತು, ಮಹಾತಾಯಿ!"

ಎನಿಡ್ ಕಿರೀಟ ಕಿತ್ತುಕೊಂಡು ತಿರುಗಿಸಿ ನೋಡಿದಳು. "ಥೂ, ಇದೇನೇ ಗಂಟು? ದನ ಕಟ್ಟೋಕಾ?"

ಅಲ್ಲೇ ನಿಂತು ಬಿಚ್ಚಿ ಮತ್ತೆ ಹೆಣೆದಳು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ತಾನೇ ತಲೆಗಿಟ್ಟುಕೊಂಡು, ಲಂಗ ಸರಿಮಾಡಿಕೊಂಡು ಗಾಡಿ ಹತ್ತಿದಳು.

ಡಬ್ಬ ಬಡಿದದ್ದೇ ಬಡಿದದ್ದು! ನೂಲುವ ಶೆಡ್ಡು, ಬಣ್ಣದ ಮನೆ, ಮಗ್ಗದ ಸಾಲು, ಹೋದಲ್ಲೆಲ್ಲ ಅವಳ ಮಡಿಲು ತುಂಬಿದರು. ಲ್ಯಾಮಿಂಗ್ಟನ್ ಕೇಕು, ನಿಂಬೆಹಣ್ಣು, ಯಾರದೋ ಹಿತ್ತಲಿನ ಗುಲಾಬಿ. ಎನಿಡ್ ನಾಚಿಕೆ ಬಿಟ್ಟು ಅತ್ತಳು.

ದೊಡ್ಡ ಗೇಟು ಬಂತು. ಸೈರನ್ನೂ ಕೂಗಿತು, ಎಲ್ಲರೂ ಮನೆಗೆ ಓಡುವ ಹೊತ್ತು. ಅಸುಂತಾ ಗಾಡಿ ನಿಲ್ಲಿಸಿ ಇಳಿಸಲು ಕೈ ಚಾಚಿದಳು.

ಎನಿಡ್ ಇಳಿಯಲಿಲ್ಲ. ಗಾಡಿಯ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ಇನ್ನೊಂದು ಸುತ್ತು ಹೊಡೀರೇ," ಎಂದಳು.

ಒಬ್ಬರೂ ಮನೆಗೆ ಹೋಗಲಿಲ್ಲ. ಗಾಡಿ ತಿರುಗಿತು.